ವ್ಯಸನದ ಬೇರು

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದುದು ಕಾಳನ್ನಲ್ಲ, ಹಣವನ್ನಲ್ಲ, ಜನರ ದುಶ್ಚಟಗಳನ್ನು. 'ಮಹಾಂತ ಜೋಳಿಗೆ'ಯೆಂದು ಹೆಸರಾದ ಈ ಭಿಕ್ಷೆಯಲ್ಲಿ ಗುರುಗಳು ಕುಡುಕನನ್ನು ಹಳಿಯಲಿಲ್ಲ. ಅವನ ಮುಂದೆ ತಾವೇ ಬೇಡುವವರಾಗಿ ನಿಂತರು.

ಆದರೂ ಆಣೆಯಿಟ್ಟು ಚಟ ಬಿಟ್ಟವನು ಮತ್ತೆ ಅದೇ ಹಾದಿ ಹಿಡಿಯುವುದುಂಟು. 'ಇವನಿಗೆ ನಿಷ್ಠೆಯಿಲ್ಲ' ಎಂದು ಮನೆಯವರು ಬೇಸರಪಡುವರು. ಕೊಂಬೆಯನ್ನು ಕಡಿದರೂ ಬೇರು ಉಳಿದಿದ್ದರೆ ಮರ ಚಿಗುರದೆ ಇದ್ದೀತೆ?

ಆ ಬೇರು ಯಾವುದು? ಎಳೆತನದಲ್ಲಿ ದಿನವೂ ಪೆಟ್ಟು ತಿಂದವನು, ತಾಯಿಯ ಗೋಳನ್ನು ಕಣ್ಣಾರೆ ಕಂಡವನು, ಯಾರಿಗೂ ಹೇಳಲಾಗದ ದೌರ್ಜನ್ಯಕ್ಕೆ ಗುರಿಯಾದವಳು, ಇವರ ದೇಹ ಬೆಳೆದರೂ ಭಯವು ಒಳಗೇ ಉಳಿಯಬಹುದು. ಸಣ್ಣ ಸದ್ದಿಗೂ ಎದೆ ನಡುಗುವುದು, ನಿದ್ದೆ ಬಾರದು. ಆಗ ಮದ್ಯವು ಕ್ಷಣಕಾಲ ಶಾಂತಿ ಕೊಡುವುದು. ನೋವಿಗೆ ಮದ್ದೆಂದು ಕುಡಿದುದೇ ಸಂಕೋಲೆಯಾಗುವುದು. 1998ರಲ್ಲಿ ಅಮೆರಿಕದ ಫೆಲಿಟಿ ಮೊದಲಾದ ವೈದ್ಯರು 9,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿ ಅಧ್ಯಯನವೊಂದನ್ನು ಪ್ರಕಟಿಸಿದರು. ಬಾಲ್ಯದಲ್ಲಿ 4 ಅಥವಾ ಹೆಚ್ಚು ಬಗೆಯ ಸಂಕಟಗಳನ್ನು ಉಂಡವರಲ್ಲಿ ಕುಡಿತ, ಮಾದಕವಸ್ತು, ಖಿನ್ನತೆ, ಆತ್ಮಹತ್ಯಾಯತ್ನಗಳ ಅಪಾಯವು 4ರಿಂದ 12 ಪಟ್ಟು ಹೆಚ್ಚಿದುದು ಅದರಲ್ಲಿ ಕಂಡುಬಂದಿತು. ಚಟವೆಲ್ಲಕ್ಕೂ ಇದೊಂದೇ ಕಾರಣವೆಂದಲ್ಲ. ಆದರೆ ಗಾಯವಿದ್ದಲ್ಲಿ ಅದನ್ನು ಮರೆತ ಚಿಕಿತ್ಸೆಯು ಅರೆಚಿಕಿತ್ಸೆ.

ಶರಣರು ಬಹಿರಂಗದೊಡನೆ ಅಂತರಂಗದ ಶುದ್ಧಿಯನ್ನೂ ಬಯಸಿದರು. ಹೆಂಡ ಮಾರುತ್ತಿದ್ದ ಮಾರಯ್ಯನೂ ಅವರ ನಡುವೆ ಶರಣನಾಗಿ ಬಾಳಿದನು. ಅನುಭಾವಗೋಷ್ಠಿಯಲ್ಲಿ ನುಡಿಯುವುದೆಷ್ಟು ಮುಖ್ಯವೋ ಆಲಿಸುವುದೂ ಅಷ್ಟೇ ಮುಖ್ಯ. ಮನೋಚಿಕಿತ್ಸೆಯೂ ಆಲಿಸುವುದರಿಂದಲೇ ಮೊದಲಾಗುವುದು. ಮೊದಲು ರೋಗಿಗೆ ಅಭಯ. ಬಳಿಕ ಭಯವನ್ನು ಹತೋಟಿಗೆ ತರುವ ಅಭ್ಯಾಸ. ಆಮೇಲೆ, ಅವನು ತಾಳುವಷ್ಟೇ, ಹಳೆಯ ನೆನಪುಗಳನ್ನು ಬಿಚ್ಚುವುದು. 'ಅಂದಿನ ತಪ್ಪು ನನ್ನದಲ್ಲ. ಅದು ಮುಗಿದುಹೋಯಿತು' ಎಂಬ ಅರಿವು ಮೂಡಿದಾಗ ನೆನಪು ಅಳಿಯದಿದ್ದರೂ ಅದರ ವಿಷ ಇಳಿಯುವುದು.

ಇಲ್ಲಿ ಎಚ್ಚರಿಕೆಯೊಂದಿದೆ. ಬಹುಕಾಲ ವಿಪರೀತ ಕುಡಿದವರು ತಟ್ಟನೆ ಬಿಟ್ಟರೆ ನಡುಕ, ಸೆಳವು, ಚಿತ್ತಭ್ರಮೆಗಳುಂಟಾಗಿ ಪ್ರಾಣಾಪಾಯವೂ ಆಗಬಹುದು. ವೈದ್ಯರ ನೆರವಿನಿಂದಲೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುವುದು.

ಕುಡಿದು ಬಂದವನನ್ನು ಗದರಿಸುವುದಕ್ಕಿಂತ, ಕುಡಿಯದ ಹೊತ್ತಿನಲ್ಲಿ 'ನಿನ್ನ ನೋವೇನಪ್ಪಾ?' ಎಂದು ಕೇಳಿ ಚಿಕಿತ್ಸೆಗೆ ಕರೆದೊಯ್ಯುವುದೇ ಗೃಹಸ್ಥರ ದಾಸೋಹ. ಅವನ ಹೊಡೆತವನ್ನು ಮನೆಯವರು ಸಹಿಸಬೇಕೆಂದು ಇದರ ಅರ್ಥವಲ್ಲ. ಇಂದು ಮಗುವಿನ ಮೇಲೆ ಬಿದ್ದ ಪೆಟ್ಟೇ ನಾಳಿನ ವ್ಯಸನದ ಬೀಜವಾಗಬಹುದು. ಆ ಕೈಯನ್ನು ತಡೆಯುವುದೂ ಶಿವಪೂಜೆಯೇ.