ಲ್ಯಾಪ್‌ಟಾಪ್ ರಿಪೇರಿಯವರು ಮನೆಗೆ ಬರುವ ಮುಂಚೆ: ಹಿರಿಯರೊಬ್ಬರ ಕಿವಿಮಾತು

ನಮ್ಮ ಹೊಸದುರ್ಗದ ಕಡೆಯ ಹಾಲುರಾಮೇಶ್ವರದ ಆಸುಪಾಸಿನ ಹಳ್ಳಿಗಳಿಗೂ ಲ್ಯಾಪ್‌ಟಾಪ್ ಬಂದಿದೆ. ಕಾಲೇಜಿಗೆ ಹೋಗುವ ಮಗಳದ್ದೊಂದು, ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಮಗನದ್ದೊಂದು, ಕೊಬ್ಬರಿ ವ್ಯಾಪಾರದ ಲೆಕ್ಕದ್ದೊಂದು. ಕೆಟ್ಟರೆ ಮಾತ್ರ ಹೊಸದುರ್ಗದಿಂದಲೋ ಚಿತ್ರದುರ್ಗದಿಂದಲೋ ಜನ ಬರಬೇಕು. ಬಂದವರು ಕೆಲಸವಾಗದೆ ಹಿಂದಿರುಗಿದರೆ ಮತ್ತೆ ಅವರ ದಾರಿ ಕಾಯಬೇಕು. ಯಂತ್ರ ಸರಿಮಾಡುವುದು ಅವರ ಕೆಲಸ. ಅದರೊಳಗಿನ ಲೆಕ್ಕ, ಫೋಟೊ, ಕಾಗದಪತ್ರ ಕಾಯುವುದು ನಿಮ್ಮ ಕೆಲಸ. ಇದೊಂದು ನೆನಪಿಟ್ಟುಕೊಂಡು ಮುಂದಿನದನ್ನು ಓದಿಕೊಳ್ಳಿ.

ಫೋನ್ ಮಾಡುವಾಗ

• "ಆನ್ ಆಗ್ತಿಲ್ಲ" ಎಂದಷ್ಟೇ ಹೇಳಬೇಡಿ. ಚಾರ್ಜರಿನ ದೀಪ ಹತ್ತುತ್ತದೆಯೋ ಇಲ್ಲವೋ, ಫ್ಯಾನಿನ ಸದ್ದು ಬರುತ್ತದೆಯೋ, ಕರೆಂಟ್ ಹೋಗಿ ಬಂದ ಮೇಲೆ ಹೀಗಾಯಿತೋ, ಎಲ್ಲ ಚೀಟಿಯಲ್ಲಿ ಬರೆದಿಡಿ. ಪರದೆಯ ಮೇಲೆ ಏನಾದರೂ ಬರಹ ಬಂದರೆ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಯಾವ ಬಿಡಿಭಾಗ ತರಬೇಕು ಎಂದು ಅವರು ಅಂದಾಜು ಮಾಡುವುದು ಇದರಿಂದಲೇ.

• ಕರೆಯುವ ಮುಂಚೆ ಬೇರೆ ಸಾಕೆಟ್ಟಿಗೆ ಹಾಕಿ ನೋಡಿ. ಚಾರ್ಜರ್ ತೆಗೆದು ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

• ಮಾಡೆಲ್ ಹೆಸರು ಮತ್ತು ಸೀರಿಯಲ್ ನಂಬರ್ ಸಾಮಾನ್ಯವಾಗಿ ತಳಭಾಗದಲ್ಲಿರುತ್ತವೆ. ಬಿಲ್ಲಿನ ಜೊತೆ ಅವನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ವಾರಂಟಿ ಇದ್ದರೂ ಅದು ಮನೆಗೆ ಬರುವ ವಾರಂಟಿಯೋ, ನೀವೇ ಹೊತ್ತೊಯ್ಯಬೇಕಾದ್ದೋ, ನಮ್ಮ ಪಿನ್‌ಕೋಡಿಗೆ ಬರುತ್ತಾರೋ ಎಂದು ಕೇಳಿ. ನೀರು ಬಿದ್ದದ್ದು, ಕೆಳಗೆ ಬಿದ್ದು ಒಡೆದದ್ದು ಮಾಮೂಲಿ ವಾರಂಟಿಯಲ್ಲಿ ಬರುವುದಿಲ್ಲ.

• ಕಂಪನಿಯ ನಂಬರನ್ನು ಬಿಲ್ಲಿನಿಂದ ಅಥವಾ ಕಂಪನಿಯ ಸ್ವಂತ ಜಾಲತಾಣದಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಮೊದಲು ಕಂಡ ನಂಬರಿಗೆ ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡು ಮೋಸ ಹೋದವರಿದ್ದಾರೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಬರುವ ಹಿಂದಿನ ದಿನ

• ಮೊದಲು ಫೈಲುಗಳ ನಕಲು ಮಾಡಿಕೊಳ್ಳಿ. ಡಿ ಡ್ರೈವಿಗೆ ಹಾಕಿದ್ದೇನೆ ಎಂದು ನಿಶ್ಚಿಂತೆಯಾಗಿ ಕೂರಬೇಡಿ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲು. ಡಿಸ್ಕ್ ಹೋದರೆ ಎರಡೂ ಹೋದವು. ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ಹಾಕಿ, ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹಾಲುರಾಮೇಶ್ವರದ ಗಂಗಮ್ಮನ ಕೊಳದಲ್ಲಿ ಬೇಡಿಕೊಂಡರೆ ಪ್ರಸಾದ ತೇಲಿ ಬರುತ್ತದೆ ಎಂದು ಭಕ್ತರು ನಂಬುತ್ತಾರೆ. ಅಳಿಸಿಹೋದ ಫೈಲು ಹಾಗೆ ತೇಲಿ ಬರುವುದಿಲ್ಲ ಕಣ್ರಪ್ಪ.

• ಮಂಡಿ, ಅಂಗಡಿಯವರು ಟ್ಯಾಲಿಯ ಡೇಟಾ ಫೋಲ್ಡರ್ ಮರೆಯಬೇಡಿ. ನುಡಿ, ಬರಹ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳಿದ್ದರೆ ಅವುಗಳ ಅಕ್ಷರಶೈಲಿಯ ಫೈಲುಗಳನ್ನೂ ಎತ್ತಿಡಿ. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

• ಲ್ಯಾಪ್‌ಟಾಪ್ ಆನ್ ಆಗದೆ ನಕಲು ಮಾಡಲು ಆಗದಿದ್ದರೆ, ರಿಪೇರಿಯವರು ಬಂದ ಕೂಡಲೇ "ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ, ಫೈಲು ಬೇಕು" ಎಂದು ಹೇಳಿ.

• ಈಚಿನ ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಇರಬಹುದು. ಮದರ್‌ಬೋರ್ಡ್ ಬದಲಾಯಿಸಿದರೆ 48 ಅಂಕಿಗಳ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಡಿ.

• ಬ್ಯಾಂಕು, ಇಮೇಲ್, ವಾಟ್ಸಾಪ್ ಎಲ್ಲದರಿಂದ ಲಾಗ್‌ಔಟ್ ಆಗಿ.

• ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ.

ಅವರು ಬಂದ ದಿನ

• ಊರಿನ ದಾರಿ, ತಿರುವು, ಗುರುತು ಹೇಳಿ, ಲೊಕೇಶನ್ ಕಳಿಸಿ. ಲ್ಯಾಪ್‌ಟಾಪಿನ ವಿಷಯ ಗೊತ್ತಿರುವವರು ಮನೆಯಲ್ಲಿರಿ. ಅಜ್ಜಿಯ ಕೈಗೆ ಕೊಟ್ಟು ತೋಟಕ್ಕೆ ಹೋದರೆ ಪಾಸ್‌ವರ್ಡ್ ಹೇಳುವವರು ಯಾರು?

• ಕಿಟಕಿಯ ಬೆಳಕು ಬೀಳುವಲ್ಲಿ ಟೇಬಲ್ ಹಾಕಿ. ಮೂರು ಪಿನ್ನಿನ, ಅರ್ತಿಂಗ್ ಸರಿಯಿರುವ ಸಾಕೆಟ್ ಹತ್ತಿರವಿರಲಿ. ಸ್ಕ್ರೂ ಇಡಲು ಒಂದು ತಟ್ಟೆ ಕೊಡಿ. ಬೆಸ್ಕಾಂನವರು ಆ ದಿನ ಲೈನ್ ತೆಗೆಯುತ್ತಾರೋ ವಿಚಾರಿಸಿಕೊಳ್ಳಿ.

• ಕಾಫಿ, ಮಜ್ಜಿಗೆ ಕೊಡಿ, ಆದರೆ ಟೇಬಲ್ ಮೇಲೆ ಇಡಬೇಡಿ.

• ಗುರುತಿನ ಚೀಟಿ ನೋಡಿ, ದೂರಿನ ನಂಬರ್ ತಾಳೆ ಹಾಕಿ. ವಾರಂಟಿ ಇಲ್ಲದಿದ್ದರೆ ಬಿಚ್ಚುವ ಮುಂಚೆಯೇ ಕೂಲಿ ಎಷ್ಟು, ಸಾಮಾನಿಗೆ ಎಷ್ಟು ಎಂದು ಮಾತಾಡಿಕೊಳ್ಳಿ. ಕೇಳಲು ಸಂಕೋಚ ಬೇಡ.

• ಪಾಸ್‌ವರ್ಡನ್ನು ನೀವೇ ಟೈಪ್ ಮಾಡಿ. ಫೋನಿಗೆ ಓಟಿಪಿ ಬಂದರೆ ಮೆಸೇಜ್ ಪೂರ್ತಿ ಓದಿ. ಕೆಲಸ ಮುಗಿದ ಗುರುತಿಗೆ ಕಂಪನಿ ಕಳಿಸಿದ ಕೋಡ್ ಆದರೆ ಕೆಲಸ ಮುಗಿದ ಮೇಲೆ ಕೊಡಿ. ಬ್ಯಾಂಕಿನದ್ದಾದರೆ ಯಾರಿಗೂ ಕೊಡಬೇಡಿ.

• ಅಂಗಡಿಗೆ ಒಯ್ಯಬೇಕೆಂದರೆ ಸೀರಿಯಲ್ ನಂಬರ್, ರ‍್ಯಾಮ್, ಡಿಸ್ಕಿನ ಅಳತೆ, ಚಾರ್ಜರ್ ಕೊಟ್ಟಿದ್ದೀರೋ ಇಲ್ಲವೋ, ಎಲ್ಲವನ್ನೂ ಬರೆದ ರಶೀದಿ ಪಡೆಯಿರಿ.

• ಅವರು ಚೀಲ ಕಟ್ಟುವ ಮುಂಚೆ ಕೀಬೋರ್ಡಿನ ಒಂದೊಂದು ಕೀ, ವೈಫೈ, ಸದ್ದು, ಕ್ಯಾಮೆರಾ, ಚಾರ್ಜಿಂಗ್ ಪರೀಕ್ಷಿಸಿ. ಆಮೇಲೆ ಸಹಿ ಹಾಕಿ, ಬಿಲ್ ಇಸಿದುಕೊಳ್ಳಿ. ದುಡ್ಡು ಕೊಟ್ಟೂ ಕೆಲಸ ಕೆಟ್ಟು, ಯಾರೂ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆಗ ಆ ಬಿಲ್ಲೇ ಆಧಾರ.

• ಅವರು ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸಿ. ಬಂದವರ ಮೇಲಿನ ಅನುಮಾನಕ್ಕಲ್ಲ, ಅದೊಂದು ಶಿಸ್ತು.

ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದವರನ್ನು ಮರ್ಯಾದೆಯಿಂದ ಮಾತಾಡಿಸಿ, ಲೆಕ್ಕ ಮಾತ್ರ ಚೊಕ್ಕವಾಗಿಡಿ. ಇನ್ನು ಲ್ಯಾಪ್‌ಟಾಪ್ ಚೆನ್ನಾಗಿಯೇ ಇರುವವರಿಗೆ ಒಂದು ಮಾತು: ಕೆಡುವ ತನಕ ಕಾಯಬೇಡಿ, ಫೈಲುಗಳ ನಕಲನ್ನು ಇವತ್ತೇ ಮಾಡಿಡಿ.