ಬದುವಿನ ದತ್ತೂರಿ: ಮದ್ದೆಷ್ಟು, ವಿಷವೆಷ್ಟು?

ಮಂಗಳವೇಢೆಯ ಎರೆ ಹೊಲಗಳ ಬದುವಿನಲ್ಲಿ, ತಿಪ್ಪೆಯ ಬದಿಯಲ್ಲಿ ಮಳೆಗಾಲಕ್ಕೆ ತಾನಾಗಿ ಏಳುವ ಗಿಡ ದತ್ತೂರಿ. ಉಮ್ಮತ್ತಿ ಎಂದೂ ಇದಕ್ಕೆ ಹೆಸರುಂಟು. ಮರಾಠಿಯಲ್ಲಿ ಧೋತ್ರಾ ಎನ್ನುವರು. ತುತ್ತೂರಿಯಂಥ ಹೂವು, ಮುಳ್ಳಿನ ಗುಂಡುಕಾಯಿ. ಶಿವಪೂಜೆಗೆ ಒಯ್ಯುವ ಈ ಗಿಡವನ್ನು ಜನರು ದಮ್ಮಿಗೂ ಕೀಲುನೋವಿಗೂ ಮದ್ದೆಂದು ಬಳಸುತ್ತ ಬಂದಿದ್ದಾರೆ. ಇದರಲ್ಲಿ ಹುರುಳೆಷ್ಟು?

ಗುಣವುಂಟು. ಇದರಲ್ಲಿರುವ ಅಟ್ರೋಪಿನ್, ಸ್ಕೋಪಾಲಮಿನ್ ಎಂಬ ಸತ್ವಗಳು ಶ್ವಾಸನಾಳದ ಬಿಗಿತವನ್ನು ಸಡಿಲಿಸುತ್ತವೆ. 1802ರ ಸುಮಾರಿಗೆ ದತ್ತೂರಿಯ ಹೊಗೆ ಸೇದುವ ಚಿಕಿತ್ಸೆ ಮದರಾಸಿನಿಂದ ಬ್ರಿಟನ್ನಿಗೆ ಹೋಗಿ, ಮುಂದೆ ದಮ್ಮಿನ ಸಿಗರೇಟುಗಳೇ ಬಂದವು. ಈಗ ಅವುಗಳ ಸ್ಥಾನದಲ್ಲಿ ಅಳತೆಯಿಟ್ಟು ಎಳೆದುಕೊಳ್ಳುವ ಔಷಧಗಳಿವೆ.

ಒಕ್ಕಲಿಗರು ತಿಳಿಯಬೇಕಾದ ಮಾತು ಇನ್ನೊಂದು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೆ ಏರಿದರೆ ಜೊಲ್ಲು, ಬೆವರು ಸುರಿದು ಕಣ್ಣಿನ ಪಾಪೆ ಕಿರಿದಾಗುತ್ತದೆ. ಆಗ ವೈದ್ಯರು ಚುಚ್ಚುವ ಮದ್ದು ಅಟ್ರೋಪಿನ್ನೇ. ಹಾಗೆಂದು ದತ್ತೂರಿಯ ರಸ ಕುಡಿಸಲಾಗದು. ಸತ್ವದ ಪ್ರಮಾಣವು ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ ಬೇರೆಯಾಗುವುದರಿಂದ ಮನೆಯಲ್ಲಿ ಅದನ್ನು ಅಳೆಯುವ ಉಪಾಯವಿಲ್ಲ. ವೈದ್ಯರ ಸೂಜಿಯಲ್ಲಿ ಅಳತೆಯುಂಟು, ಬದುವಿನ ಗಿಡದಲ್ಲಿ ಇಲ್ಲ.

ದತ್ತೂರಿಯ ವಿಷವೇರಿದಾಗ ಬಾಯಿ ಒಣಗುತ್ತದೆ, ಪಾಪೆ ಹಿಗ್ಗುತ್ತದೆ, ಮೈ ಕಾದು ಕೆಂಪಾಗುತ್ತದೆ. ಮನುಷ್ಯ ತಡವರಿಸುತ್ತ ಇಲ್ಲದ್ದನ್ನು ಕಂಡಂತೆ ಮಾತಾಡುತ್ತಾನೆ. ಇದನ್ನು ಗಾಳಿ ಸೋಕಿತೆಂದು ತಿಳಿದು ಹೊತ್ತು ಕಳೆಯಬಾರದು. ಮನೆಮದ್ದು ಮಾಡದೆ, ವಾಂತಿ ಮಾಡಿಸದೆ, ಉಳಿದ ಬೀಜವನ್ನೂ ಜೊತೆಗೊಯ್ದು ಕೂಡಲೇ ಆಸ್ಪತ್ರೆ ಸೇರಿಸಬೇಕು. ಬೀಜವು ಮೆಣಸಿನಕಾಯಿ ಬೀಜವನ್ನು ಹೋಲುವುದರಿಂದ ಮಕ್ಕಳಿಗೆ ಗಿಡವನ್ನು ತೋರಿಸಿ ತಿಳಿಹೇಳಿರಿ.

ಕಾಳಿನಲ್ಲಿ ಬೆರೆತರೂ ಅಪಾಯವೇ. ಆಫ್ರಿಕದ ಉಗಾಂಡಾದಲ್ಲಿ 2019ರಲ್ಲಿ ನೆರವಿನ ಪೌಷ್ಟಿಕ ಹಿಟ್ಟಿನಲ್ಲಿ ಈ ಜಾತಿಯ ಗಿಡದ ವಿಷ ಸೇರಿ ಸುಮಾರು 300 ಜನ ಕಾಯಿಲೆ ಬಿದ್ದರು, ಐವರು ಸತ್ತರು. ನಮ್ಮೂರಿನ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆ ಹೆಸರು ಉಳಿಯಬೇಕಾದರೆ ರಾಶಿ ಶುದ್ಧವಿರಬೇಕು.

ಆದ್ದರಿಂದ ಹಿಂಗಾರಿ ಬಿತ್ತನೆಗೆ ಮೊದಲೇ, ಕಾಯಿ ಕಟ್ಟುವ ಮುನ್ನ, ಕೈಗೆ ಚೀಲ ಸುತ್ತಿಕೊಂಡು ಗಿಡವನ್ನು ಬೇರುಸಹಿತ ಕೀಳಿರಿ. ಕಾಯಿಬಿಟ್ಟ ಗಿಡವನ್ನು ತಿಪ್ಪೆಗೆ ಹಾಕಿದರೆ ಬೀಜವು ಗೊಬ್ಬರದೊಡನೆ ಹೊಲಕ್ಕೆ ಮರಳುತ್ತದೆ, ಆಳವಾಗಿ ಹೂಳಿರಿ. ಹಸಿಯಿದ್ದಾಗ ದನ ಮೂಸಿ ಬಿಡುವ ಗಿಡವನ್ನು ಒಣಮೇವಿನಲ್ಲಿ ಬೆರೆತಾಗ ತಿಂದುಬಿಡುತ್ತದೆ. ಕಣಿಕೆ ಕಟ್ಟುವಾಗಲೂ ಕಣ್ಣಿಟ್ಟು ನೋಡಿರಿ.