ಟೈಟಾನಿಕ್ ಮಾದರಿ ಕಟ್ಟುವವರಿಗೆ ಫೋಟೊ ಸೂತ್ರಗಳು

ಕಿಟ್ ಡಬ್ಬಿಯ ಮೇಲಿನ ಚಿತ್ರ ನಂಬಿ ಕಟ್ಟಿದರೆ ನಾಲ್ಕು ಚಿಮಣಿಯ ಒಂದು ಹಡಗಂತೂ ಆಗುತ್ತದೆ. ಅದು ಟೈಟಾನಿಕ್ಕೇ ಆಗಬೇಕಿದ್ದರೆ ಹಳೆಯ ಫೋಟೊಗಳನ್ನು ಎದುರಿಗಿಟ್ಟುಕೊಂಡು ಕೂರಬೇಕು. ಆ ಫೋಟೊಗಳನ್ನೂ ಕುರುಡಾಗಿ ನಂಬುವಂತಿಲ್ಲ.

1. ಫೋಟೊದಲ್ಲಿರುವುದು ಯಾವ ಹಡಗು ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಟೈಟಾನಿಕ್ಕಿಗೆ ಒಲಿಂಪಿಕ್ ಎಂಬ ಅಕ್ಕ ಇದ್ದಳು. ಅವಳು 1911ರಿಂದ 1935ರವರೆಗೆ ಓಡಾಡಿದಳು, ಫೋಟೊಗ್ರಾಫರುಗಳ ಕಣ್ಣಿಗೆ ದಂಡಿಯಾಗಿ ಬಿದ್ದಳು. ತಂಗಿಗೆ ದಕ್ಕಿದ್ದು ಒಂದೇ ಪಯಣ, ಅದೂ ಅರ್ಧ. ಹಾಗಾಗಿ ‘ಟೈಟಾನಿಕ್’ ಎಂಬ ಹೆಸರು ಹೊತ್ತು ತಿರುಗುವ ಎಷ್ಟೋ ಫೋಟೊಗಳು ಒಲಿಂಪಿಕ್‌ನವು. ಗುರುತು ಹಿಡಿಯಲು ‘ಎ’ ಡೆಕ್ ನೋಡಿ: ಟೈಟಾನಿಕ್‌ನಲ್ಲಿ ಅದರ ಮುಂದಿನ ಅರ್ಧಕ್ಕೆ ಕಿಟಕಿ ಹಾಕಿ ಮುಚ್ಚಿದ್ದಾರೆ, ಒಲಿಂಪಿಕ್‌ನಲ್ಲಿ ಉದ್ದಕ್ಕೂ ತೆರೆದಿದೆ. ಅದರ ಕೆಳಗಿನ ‘ಬಿ’ ಡೆಕ್ಕಿನ ಕಿಟಕಿಗಳು ಒಲಿಂಪಿಕ್‌ನಲ್ಲಿ ಸಮ ಅಂತರದಲ್ಲಿ ಸಾಲಾಗಿವೆ, ಟೈಟಾನಿಕ್‌ನಲ್ಲಿ ಒಂದು ಹತ್ತಿರ ಒಂದು ದೂರ. ಮೇಲಿನ ಡೆಕ್ಕಿನ ಉದ್ದಕ್ಕೂ ಲೈಫ್‌ಬೋಟ್‌ಗಳು ಕಿಕ್ಕಿರಿದಿದ್ದರೆ ಅನುಮಾನವೇ ಬೇಡ, ಅದು ದುರಂತದ ನಂತರದ ಒಲಿಂಪಿಕ್. ಟೈಟಾನಿಕ್‌ನಲ್ಲಿ ಒಂದೊಂದು ಬದಿಗೆ ತೂಗುಹಾಕಿದ್ದು ಎಂಟೇ ದೋಣಿ, ಮುಂದೆ ನಾಲ್ಕು, ಹಿಂದೆ ನಾಲ್ಕು, ನಡುವೆ ಖಾಲಿ.

2. ಒಂದು ದಿನಾಂಕ ಗೊತ್ತುಮಾಡಿ. ಹಡಗು ನೀರಿಗಿಳಿದದ್ದು 1911ರ ಮೇ 31ರಂದು, ಪ್ರಯಾಣಿಕರೊಂದಿಗೆ ಹೊರಟದ್ದು 1912ರ ಏಪ್ರಿಲ್ 10ರಂದು. ನಡುವಿನ ಹತ್ತು ತಿಂಗಳು ಬೆಲ್‌ಫಾಸ್ಟ್‌ನಲ್ಲಿ ಕೆಲಸ ನಡೆಯುತ್ತಲೇ ಇತ್ತು. ಮುಂತುದಿಯ ಎಡಬದಿಯಲ್ಲಿ ‘ಸಿ’ ಡೆಕ್ಕಿನ ಸಾಲಿನ ದುಂಡು ಕಿಟಕಿಗಳನ್ನು ಎಣಿಸಿ ನೋಡಿ. ನೀರಿಗಿಳಿಸಿದ ದಿನದ ಫೋಟೊದಲ್ಲಿ 14, ಹೊರಟ ಹಡಗಿನಲ್ಲಿ 16. ಎರಡೂ ಟೈಟಾನಿಕ್ಕೇ, ಎರಡೂ ನಿಜ, ಆದರೆ ಒಂದೇ ಮಾದರಿಯಲ್ಲಿ ಬೆರೆಸಿದರೆ ಎಂದೂ ಇರದಿದ್ದ ಹಡಗು ತಯಾರಾಗುತ್ತದೆ. ಸಂಗ್ರಹದ ಪ್ರತಿ ಪ್ರಿಂಟಿನ ಹಿಂದೆ ತಿಂಗಳು, ವರ್ಷ, ಯಾವ ಬದಿ ಎಂದು ಪೆನ್ಸಿಲ್ಲಿನಲ್ಲಿ ಬರೆದಿಡಿ.

3. ಸಿನಿಮಾದ ಚಿತ್ರಗಳನ್ನು ಬೇರೆ ಫೋಲ್ಡರಿಗೆ ಹಾಕಿ, ಸಾಧ್ಯವಾದರೆ ಅಳಿಸಿಯೇಬಿಡಿ. 1997ರ ಚಿತ್ರಕ್ಕಾಗಿ ಮೆಕ್ಸಿಕೊದಲ್ಲಿ ಕಟ್ಟಿದ ಸೆಟ್‌ಗೆ ಬಲಬದಿ ಮಾತ್ರ ಇತ್ತು. ಸೌತಾಂಪ್ಟನ್ ಬಂದರಿನ ದೃಶ್ಯಗಳಲ್ಲಿ ಎಡಬದಿ ಬೇಕಾದಾಗ ಚಿತ್ರವನ್ನೇ ಕನ್ನಡಿಯಂತೆ ತಿರುಗಿಸಿದ್ದರು.

4. ಅಳೆಯುವ ಮುನ್ನ ಫೋಟೊವನ್ನೇ ಪರೀಕ್ಷಿಸಿ. ನಾಲ್ಕೂ ಚಿಮಣಿಗಳ ಅಗಲ ವಾಸ್ತವದಲ್ಲಿ ಒಂದೇ. ಫೋಟೊದಲ್ಲಿ ಮೊದಲನೆಯದು ದಪ್ಪ, ನಾಲ್ಕನೆಯದು ಸಣಕಲಾಗಿದ್ದರೆ ಕ್ಯಾಮೆರಾ ಓರೆಯಾಗಿ ನಿಂತಿದೆ ಎಂದರ್ಥ. ಅಂಥದ್ದರಲ್ಲಿ ಉದ್ದ ಅಳೆಯಬೇಡಿ. ಯಾವುದರ ಪಕ್ಕ ಯಾವುದಿದೆ, ಎಷ್ಟಿದೆ ಎಂದು ಎಣಿಸಲು ಮಾತ್ರ ಬಳಸಿ. ದೂರದಿಂದ ನೇರ ಪಕ್ಕಕ್ಕೆ ನಿಂತು ತೆಗೆದದ್ದು ಸಿಕ್ಕರೆ ಅದೇ ಚಿನ್ನ. ಟೈಟಾನಿಕ್‌ನ ಉದ್ದ 269 ಮೀಟರ್. 1:350ರ ಮಾದರಿಯಲ್ಲಿ ಸುಮಾರು 77 ಸೆಂ.ಮೀ. ನಿಮ್ಮ ಪ್ರಿಂಟಿನಲ್ಲಿ ಹಡಗು 40 ಸೆಂ.ಮೀ. ಇದ್ದರೆ, ಸ್ಕೇಲಿಟ್ಟು ಅಳೆದದ್ದನ್ನೆಲ್ಲ 1.92ರಿಂದ ಗುಣಿಸಿ. ಲೆಕ್ಕ ಅಷ್ಟೇ.

5. ಬಣ್ಣಕ್ಕೆ ಕಪ್ಪು-ಬಿಳುಪು ಫೋಟೊವನ್ನು ಕೇಳಬೇಡಿ. ಆ ಕಾಲದ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಬಳಿದ ತಳ ಕಪ್ಪಾಗಿ ಮೂಡುತ್ತದೆ, ಹಳದಿ ಮಿಶ್ರಿತ ಕಂದು ಚಿಮಣಿಗಳು ಇದ್ದದ್ದಕ್ಕಿಂತ ಗಾಢವಾಗುತ್ತವೆ, ನೀಲಿ ಆಕಾಶ ಬೆಳ್ಳಗೆ ಬೋಳಾಗುತ್ತದೆ. ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಮಾತ್ರ ಫೋಟೊ ಸಾಕ್ಷಿ. ಈಗ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಚಿತ್ರಗಳು ನೋಡಲು ಚಂದ, ಆದರೆ ಅವು ಯಾರದೋ ಊಹೆ.

6. ಜನರನ್ನು ಬಿಟ್ಟು ಹಿನ್ನೆಲೆ ನೋಡಿ. ಫಾದರ್ ಫ್ರಾನ್ಸಿಸ್ ಬ್ರೌನ್ ಸೌತಾಂಪ್ಟನ್‌ನಲ್ಲಿ ಹತ್ತಿ ಏಪ್ರಿಲ್ 11ರಂದು ಐರ್ಲೆಂಡಿನ ಕ್ವೀನ್ಸ್‌ಟೌನ್‌ನಲ್ಲಿ ಇಳಿದವರು. ಅವರ ಕ್ಯಾಮೆರಾ ಜತೆಗೇ ಇಳಿದು ಉಳಿಯಿತು. ಡೆಕ್ಕಿನ ಮೇಲೆ ಬುಗುರಿ ಆಡಿಸುತ್ತಿರುವ ಹುಡುಗನ ಚಿತ್ರ ಎಲ್ಲರಿಗೂ ಗೊತ್ತು. ಮಾದರಿ ಕಟ್ಟುವವರ ಕಣ್ಣು ಹೋಗಬೇಕಾದದ್ದು ಅವನ ಕಾಲಡಿಯ ಹಲಗೆಗಳ ಮೇಲೆ, ಬೆನ್ನ ಹಿಂದಿನ ಸಾಮಾನಿನ ಮೇಲೆ. ನಿಂತ ಆಳು ಅಳತೆಗೋಲೂ ಹೌದು: 170 ಸೆಂ.ಮೀ. ಎತ್ತರದವನು 1:350ರಲ್ಲಿ 5 ಮಿ.ಮೀ.ಗಿಂತ ಕೂದಲೆಳೆ ಕಡಿಮೆ.

7. ಫೋಟೊವೇ ಇಲ್ಲದ ಜಾಗ ಬರುತ್ತದೆ. ಟೈಟಾನಿಕ್‌ನ ಪ್ರೊಪೆಲ್ಲರುಗಳು ಜೋಡಣೆಯಾದ ಮೇಲಿನ ಫೋಟೊ ಸಿಕ್ಕಿಲ್ಲ. ತೋರಿಸುವುದೆಲ್ಲ ಒಲಿಂಪಿಕ್‌ನವನ್ನು, ಅದರ ನಡುವಿನ ಪ್ರೊಪೆಲ್ಲರಿಗೆ ನಾಲ್ಕು ರೆಕ್ಕೆ. ಹಡಗು ಕಟ್ಟಿದ ಹಾರ್ಲಂಡ್ ಅಂಡ್ ವುಲ್ಫ್ ಕಂಪನಿಯ ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಟೈಟಾನಿಕ್‌ಗೆ ಮೂರು ಎಂದಿದೆ. ನಾನಾಗಿದ್ದರೆ ಮೂರೇ ಹಾಕುತ್ತೇನೆ. ಬೇರೆ ಹಡಗಿನ ಫೋಟೊಗಿಂತ ಅದೇ ಹಡಗಿನ ದಾಖಲೆ ಮೇಲು.

8. ಕಾಣದ್ದನ್ನು ಮಾಡಲು ಹೋಗಬೇಡಿ. 25 ಮಿ.ಮೀ.ನ ರಿವೆಟ್ ತಲೆ ಈ ಸ್ಕೇಲಿನಲ್ಲಿ 0.07 ಮಿ.ಮೀ. ಉಕ್ಕಿನ ತಗಡುಗಳ ಗೆರೆ ಕಿಟ್‌ನಲ್ಲಿ ಎದ್ದು ಕುಣಿಯುತ್ತಿದ್ದರೆ ನುಣುಪಾದ ಉಪ್ಪುಕಾಗದದಿಂದ ಉಜ್ಜಿ ತಗ್ಗಿಸಿ.

9. ಕೊನೆಗೆ ನಿಮ್ಮ ಮಾದರಿಯ ಫೋಟೊ ತೆಗೆದು ಹಳೆಯದರ ಪಕ್ಕ ಇಡಿ. ಮೂಲ ಫೋಟೊ ಸುಮಾರು 350 ಮೀಟರ್ ದೂರದಿಂದ ತೆಗೆದದ್ದಾದರೆ ಮೊಬೈಲನ್ನು ಮಾದರಿಯಿಂದ ಒಂದು ಮೀಟರ್ ದೂರದಲ್ಲಿ, ಕ್ಯಾಮೆರಾ ಇದ್ದ ಮಟ್ಟಕ್ಕೇ ಹಿಡಿಯಿರಿ. ಆಮೇಲೆ ಕಪ್ಪು-ಬಿಳುಪಿಗೆ ತಿರುಗಿಸಿ, ಎರಡನ್ನೂ ಒಂದೇ ಉದ್ದಕ್ಕೆ ತನ್ನಿ. ಮೇಲಿನಿಂದ ನೋಡುವಾಗ ಗೊತ್ತಾಗದ ದೋಷ ಆಗ ಎದ್ದು ಕಾಣುತ್ತದೆ, ಅದರಲ್ಲೂ ಚಿಮಣಿ ಮತ್ತು ಕಂಬಗಳು ಹಿಂದಕ್ಕೆ ವಾಲಿದ ಓರೆಯಲ್ಲಿ. ಅದಕ್ಕೇ ಈ ಫೋಟೊವನ್ನು ಚಿಮಣಿಗಳನ್ನು ಸುಮ್ಮನೆ ನಿಲ್ಲಿಸಿ, ಅಂಟು ಹಾಕುವ ಮೊದಲೇ ತೆಗೆಯಿರಿ.